ಒಂದು ಬಾಗಿಲಿಗೆ ಮೂರು ನಿಮಿಷ

ಹೋದ ವಾರ ರವೀಂದ್ರನಗರದ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಗುರುತಿನ ಚೀಟಿ. ಬೆಲ್ ಒತ್ತಿದವಳೇ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತಿದ್ದಳು. ನಾನು ಬಾಗಿಲು ತೆಗೆಯುವಷ್ಟರಲ್ಲಿ ಮುಖದ ಮೇಲೆ ನಗು ಸಿದ್ಧವಾಗಿತ್ತು. ಯಾವುದೋ ಸೋಪಿನ ಪುಡಿಯ ಸರ್ವೆಯಂತೆ. "ಆಂಟಿ, ಒಂದರಿಂದ ಐದರ ಒಳಗೆ ಒಂದು ನಂಬರ್ ಹೇಳ್ಬೋದಾ?" ಎಂದಳು. "ಹೇಳಲ್ಲಮ್ಮ" ಎಂದು ಬಾಗಿಲು ಹಾಕಿಬಿಟ್ಟೆ.

"ಪಾಪ, ಬಿಸಿಲಲ್ಲಿ ಬಂದಿದ್ಲು ಮಾರಾಯ್ತಿ. ಹೀಗಾ ಮುಖಕ್ಕೆ ಬಾಗ್ಲು ಹಾಕೋದು?" ಎಂದು ನನ್ನ ಗಂಡ ಗಿರೀಶ ಪೇಪರಿನಿಂದ ತಲೆ ಎತ್ತಿದರು. ನನ್ನ ಮುಖ ನೋಡಿ ಮತ್ತೆ ಪೇಪರಿಗೆ ಮರಳಿದರು.

ಆ ಎರಡು ಹೆಜ್ಜೆ ತಾನಾಗಿ ಬರುವಂಥದ್ದಲ್ಲ, ಯಾರಾದರೂ ಹೇಳಿಕೊಟ್ಟಿರಬೇಕು. ನನಗೂ ಹೇಳಿಕೊಟ್ಟಿದ್ದರು. ಅಷ್ಟೇ ಅಲ್ಲ, ಆ ವಾಕ್ಯವನ್ನು ಕನ್ನಡಕ್ಕೆ ತಂದವಳೇ ನಾನು: "ಬೆಲ್ ಒತ್ತಿದ ನಂತರ ಎರಡು ಹೆಜ್ಜೆ ಹಿಂದೆ ಸರಿಯಿರಿ. ಬಾಗಿಲು ತೆರೆದವರಿಗೆ ಅಳುಕಾಗಬಾರದು." ಕಳೆದ ಲೋಕಸಭೆ ಚುನಾವಣೆಯ ಬೇಸಿಗೆಯಲ್ಲಿ ನಾನು ಮಾಡಿದ ಕೆಲಸ ಅದು. ಆ ಎರಡು ತಿಂಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ಉರಿಯಲ್ಲಿ ಬೇರೆಯವರ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಇನ್ನೂ ಬಗೆಹರಿದಿಲ್ಲ.

ನಾನು ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷದಿಂದ ಅತಿಥಿ. ಇಷ್ಟು ಕಾಲ ಉಳಿದ ಅತಿಥಿಯನ್ನು ಯಾವ ಮನೆಯವರೂ ಸಹಿಸಲಾರರು, ನಮ್ಮ ಇಲಾಖೆ ಸಹಿಸಿಕೊಂಡಿದೆ. ಬೇಸಿಗೆಯಲ್ಲಿ ಪಾಠವಿಲ್ಲ, ಸಂಬಳವೂ ಇಲ್ಲ. ಆ ವರ್ಷ ಪರೀಕ್ಷೆ ಮುಗಿಯುವ ಹೊತ್ತಿಗೆ ಒಬ್ಬ ಹಳೆಯ ವಿದ್ಯಾರ್ಥಿ ನನ್ನ ಹೆಸರು ಹೇಳಿದನೆಂದು ನಿಖಿಲ್ ಎಂಬ ಹುಡುಗ ಫೋನ್ ಮಾಡಿದ. ಬೆಂಗಳೂರಿನ ಒಂದು ಕಂಪನಿಯವನು. ಅಭ್ಯರ್ಥಿಗಳ ಪರವಾಗಿ ಪ್ರಚಾರ ನಡೆಸಿಕೊಡುವುದೇ ಅವರ ಕಸುಬು. ದುರ್ಗಿಗುಡಿಯ ಹತ್ತಿರ ಒಂದು ಎರಡನೇ ಮಹಡಿಯಲ್ಲಿ ಆಫೀಸು ತೆರೆದಿದ್ದರು.

"ಮೇಡಂ, ನಮಗೆ ನಿಮ್ಮ ಕನ್ನಡ ಬೇಕು" ಎಂದ ನಿಖಿಲ್.

ಅಷ್ಟು ವರ್ಷದಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಹೋದೆ.

ಅವನು ನನ್ನ ಮುಂದೆ ಇಟ್ಟಿದ್ದು ಒಂದು ದಪ್ಪ ಇಂಗ್ಲಿಷ್ ಕೈಪಿಡಿ. ಅಮೆರಿಕದಲ್ಲಿ ಮನೆ ಮನೆ ಪ್ರಚಾರಕ್ಕೆಂದು ಬರೆದದ್ದು. ಅಲ್ಲಿ ಗೆದ್ದವರೂ ಸೋತವರೂ ಅದನ್ನೇ ಬಳಸಿದ್ದಾರೆ, ಆಮೇಲೆ ಎಷ್ಟೋ ದೇಶ ಸುತ್ತಿ ಬಂದಿದೆ ಎಂದ. ಈಗ ಶಿವಮೊಗ್ಗಕ್ಕೆ ಬಂದಿತ್ತು. ಹದಿನೈದು ದಿನದಲ್ಲಿ ಅದನ್ನು ಕನ್ನಡಕ್ಕೆ ತರಬೇಕು. ನಂತರ ಅದರಂತೆ ನಾನೂ ಒಂದಷ್ಟು ಬೀದಿ ಸುತ್ತಿ, ಮಾತು ಎಲ್ಲಿ ತೊಡರುತ್ತದೆಂದು ನೋಡಿ ತಿದ್ದಬೇಕು.

ವಾರಕ್ಕೆರಡು ಸಲ ಸಂಜೆ ಆರಕ್ಕೆ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹೆಲೆನ್ ಕಾಣಿಸಿಕೊಳ್ಳುತ್ತಿದ್ದಳು. ಆ ಕೈಪಿಡಿಯ ತರಬೇತಿ ಕೊಡುವವಳು, ಅರವತ್ತರ ಹತ್ತಿರದ ಹೆಂಗಸು. ಅಲ್ಲಿ ಆಗ ಬೆಳಗ್ಗೆ. ಅವಳ ಹಿಂದಿನ ಕಿಟಕಿಯಲ್ಲಿ ಬೂದುಬಣ್ಣದ ಆಕಾಶ, ಕೈಯಲ್ಲಿ ನಮ್ಮ ಚೊಂಬಿನಷ್ಟು ದೊಡ್ಡ ಕಾಫಿ ಲೋಟ. ಇಲ್ಲಿ ಕರೆಂಟ್ ಹೋಗಿ, ಫ್ಯಾನ್ ನಿಂತು, ನಮ್ಮ ಬೆನ್ನ ಮೇಲೆ ಬೆವರು ಇಳಿಯುತ್ತಿದ್ದರೆ ಅವಳು ಸ್ವೆಟರ್ ಹಾಕಿಕೊಂಡು ಪಾಠ ಮಾಡುತ್ತಿದ್ದಳು.

ಅವಳನ್ನು ಬೈಯಲು ನನಗೆ ಆಗುವುದಿಲ್ಲ. ಮೊದಲ ದಿನ ಅವಳು ಹೇಳಿದ ಮಾತು ನನಗೆ ನಿಜಕ್ಕೂ ಹಿಡಿಸಿತ್ತು. "ಮತದಾರರ ಜೊತೆ ವಾದಕ್ಕೆ ಇಳಿಯಬೇಡಿ. ಕೇಳಿ. ಜನಕ್ಕೆ ಭಾಷಣ ಸಾಕಾಗಿದೆ. ಅವರ ಮಾತನ್ನು ಕೇಳುವವರು ಅವರಿಗೆ ಬೇಕು." ನಮ್ಮಲ್ಲಿ ಚುನಾವಣೆ ಬಂತೆಂದರೆ ಮೈಕು, ಪಟಾಕಿ, ಜೈಕಾರ. ಯಾರಾದರೂ ಬಂದು, "ನಿಮ್ಮ ಮನಸ್ಸಿನಲ್ಲಿ ಏನಿದೆ?" ಎಂದು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಇದು ಒಳ್ಳೆಯ ಕೆಲಸವೇ ಅನ್ನಿಸಿತು.

ಅದೇ ಹುರುಪಿನಲ್ಲಿ ಅನುವಾದ ಮಾಡಿದೆ. ಇಂಗ್ಲಿಷಿನ ಕೃತಕ ನಗುವನ್ನೆಲ್ಲ ತೆಗೆದು ನಮ್ಮ ಹೆಂಗಸರು ಜಗಲಿಯಲ್ಲಿ ಕೂತು ಆಡುವಂಥ ಮಾತು ಹಾಕಿದೆ. ನಿಖಿಲ್ ಓದಿ, "ಸೂಪರ್ ಮೇಡಂ, ಟ್ರಾನ್ಸ್‌ಲೇಷನ್ ಅಂತ ಗೊತ್ತೇ ಆಗಲ್ಲ" ಎಂದ. ಉಬ್ಬಿಹೋದೆ. ಗೊತ್ತೇ ಆಗದಂತೆ ಮಾಡಿದ್ದೇ ತಪ್ಪಾಯಿತೇನೋ.

ಪ್ರಯೋಗಕ್ಕೆಂದು ಭದ್ರಾವತಿಯ ಜನ್ನಾಪುರವನ್ನು ಆರಿಸಿದರು. ಏಪ್ರಿಲ್ ತಿಂಗಳ ಬೆಳಗ್ಗೆ ಒಂಬತ್ತಕ್ಕೇ ಬಸ್ಸಿನ ಕಂಬಿ ಮುಟ್ಟಲಾಗುತ್ತಿರಲಿಲ್ಲ. ಮಾವಿನ ಹೂವಿನ ಹೊತ್ತಿನ ಮಳೆ ಆ ಸಲ ಬಂದಿರಲೇ ಇಲ್ಲ. ಜನ್ನಾಪುರದ ಬೀದಿಗಳಲ್ಲಿ ನಲ್ಲಿಯ ಸುತ್ತ ಕೊಡಗಳ ಸಾಲು. ಕಾರ್ಖಾನೆಯಲ್ಲಿ ದುಡಿದು ಈಗ ಬೇರೆ ಬೇರೆ ಕೆಲಸಕ್ಕೆ ಚದುರಿಹೋದವರ ಮನೆಗಳು. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಎದುರಿನದರಲ್ಲಿ ತೆಲುಗು. ಜಗಳಕ್ಕೆ ಮಾತ್ರ ಮೂರೂ ಒಟ್ಟಿಗೆ.

ಕೈಪಿಡಿಯ ಬಣ್ಣ ಮೊದಲ ಮನೆಯಲ್ಲೇ ಬಯಲಾಯಿತು. ಬೆಲ್ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ಆದರೂ "ಅಮ್ಮಾ" ಎಂದು ಕರೆದು ಎರಡು ಹೆಜ್ಜೆ ಹಿಂದೆ ಸರಿದೆ. ಬಾಗಿಲು ನೇರ ಬೀದಿಗೇ ತೆರೆಯುತ್ತಿತ್ತು, ನಾನು ಹೋಗಿ ಚರಂಡಿಯ ಕಲ್ಲಿನ ಮೇಲೆ ನಿಂತೆ. ಒಳಗಿನಿಂದ ಬಂದ ಅಜ್ಜಿ, "ಯಾಕ್ರೀ ಅಲ್ಲಿ ನಿಂತ್ರಿ, ಬಿದ್ದೀರ! ಒಳಗ್ ಬನ್ನಿ" ಎಂದು ಕೈ ಹಿಡಿದು ಎಳೆದರು. "ನಮಸ್ಕಾರ, ನಾನೂ ನಿಮ್ಮೂರಿನವಳೇ" ಎಂದು ಕಲಿತ ಪಾಠ ಒಪ್ಪಿಸಿದೆ.

"ಹೌದಾ! ಯಾವ ಬೀದಿ? ಯಾರ್ ಮನೆ?"

"ಶಿವಮೊಗ್ಗ... ರವೀಂದ್ರನಗರ."

"ಅದ್ ಹೆಂಗ್ರೀ ನಮ್ಮೂರಾಗುತ್ತೆ?" ಎಂದು ಅಜ್ಜಿ ನಕ್ಕರು.

ಒಂದು ಬಾಗಿಲಿಗೆ ಮೂರು ನಿಮಿಷ, ತಿಂಡಿ ಪಾನೀಯ ಸ್ವೀಕರಿಸಬಾರದು ಎಂದು ಕೈಪಿಡಿಯಲ್ಲಿತ್ತು. ಕಾಫಿ ಬೇಡ ಎನ್ನುವುದಕ್ಕೇ ಮೂರು ನಿಮಿಷ ಬೇಕಾಗುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಾಗಿಲ ಹಿಡಿಯ ಗುಂಡಿಗೆ ನೇತುಹಾಕಲು ತೂತಿರುವ ಒಂದು ರಟ್ಟಿನ ಚೀಟಿ. ಅದರ ಕೆಳಗೆ ನಮ್ಮ ಹೆಸರು, ಫೋನ್ ನಂಬರ್ ಕೈಯಲ್ಲೇ ಬರೆಯಬೇಕು, ಆಗ ಆತ್ಮೀಯತೆ ಬರುತ್ತದೆ. ಜನ್ನಾಪುರದ ಬಾಗಿಲುಗಳಿಗೆ ಗುಂಡಿಯೇ ಇಲ್ಲ, ಚಿಲಕ. ಚೀಟಿ ನಿಲ್ಲದೆ ಗಾಳಿಗೆ ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ನಮ್ಮ ಅಭ್ಯರ್ಥಿಯ ಮುಖವನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

ಇದೆಲ್ಲ ನಗುವ ವಿಷಯ. ನಗು ಬಾರದಿದ್ದದ್ದು ಅಂಕಿಯ ವಿಷಯಕ್ಕೆ. ಟ್ಯಾಬಿನಲ್ಲಿ ಪ್ರತಿ ಮನೆಯ ಪ್ರತಿ ಮತದಾರರ ಹೆಸರಿನ ಮುಂದೆ ಒಂದರಿಂದ ಐದು. ಒಂದು ಎಂದರೆ ಖಂಡಿತ ನಮಗೆ ಹಾಕುವುದಿಲ್ಲ, ಐದು ಎಂದರೆ ಖಂಡಿತ ಹಾಕುತ್ತಾರೆ, ನಡುವೆ ಮೂರು ಎಂದರೆ ಇನ್ನೂ ತೀರ್ಮಾನಿಸಿಲ್ಲ. ಜನ್ನಾಪುರದಲ್ಲಿ ಹತ್ತಕ್ಕೆ ಎಂಟು ಜನ ಹೇಳಿದ ಉತ್ತರ ಒಂದೇ: "ನೋಡೋಣ."

ಆ ವಾರದ ಪಾಠದಲ್ಲಿ ಹೆಲೆನ್, "ಈ 'ನೋಡೋಣ' ಎಂದರೇನು?" ಎಂದು ಕೇಳಿದಳು. ಅವಳ ಬಾಯಲ್ಲಿ ಅದು 'ನೊಡೊನ' ಆಗಿತ್ತು.

"ಆಗಬಹುದು ಅಂತಲೂ ಇರಬಹುದು, ಆಗಲ್ಲ ಅಂತಲೂ ಇರಬಹುದು. ನಿನಗೆ ಯಾಕೆ ಹೇಳಲಿ ಅಂತಲೂ ಇರಬಹುದು. ಬಿಸಿಲು ಜೋರಾಗಿದೆ, ನೀರು ಕುಡಿದು ಹೋಗು ಅಂತಲೂ ಇರಬಹುದು" ಎಂದೆ.

ಹೆಲೆನ್ ತಲೆ ಹಿಂದಕ್ಕೆ ಹಾಕಿ ನಕ್ಕಳು. "ಚೆನ್ನಾಗಿದೆ. ಹಾಗಾದರೆ ಮೂರು ಹಾಕಿ."

ಇಡೀ ಜನ್ನಾಪುರ ಮೂರಾಯಿತು. ಬೆಂಗಳೂರಿನಲ್ಲಿ ಕೂತವರು ಅದನ್ನು ನೋಡಿ, ಇಲ್ಲಿ ಇಷ್ಟು ಜನ ತೀರ್ಮಾನವಾಗದವರು ಇದ್ದಾರೆ, ಒಲಿಸಿಕೊಳ್ಳಬೇಕು ಎಂದು ಮೇಲಿಂದ ಮೇಲೆ ರೆಕಾರ್ಡ್ ಮಾಡಿದ ಫೋನ್ ಕರೆ ಹರಿಸಿದರು. ಎರಡನೇ ವಾರದಲ್ಲಿ ನಾನು ಬೀದಿಗೆ ಕಾಲಿಟ್ಟರೆ, "ಅಮ್ಮಾ ತಾಯಿ, ನಿಮ್ಮೋರಿಗೇ ಹಾಕ್ತೀವಿ, ಆ ಫೋನ್ ನಿಲ್ಸಿ" ಎನ್ನುತ್ತಿದ್ದರು. ಅದಕ್ಕೆ ನಾನು ಯಾವ ಅಂಕಿ ಹಾಕಬೇಕಿತ್ತು? ಆಫೀಸಿನಲ್ಲಿ ಹೇಳಿದರೆ ನಿಖಿಲ್, "ಮೇಡಂ, ಪ್ರೋಸೆಸ್ ನಂಬಿ" ಎಂದ. ಅವನಿಗೆ ನಂಬಲು ಪ್ರೋಸೆಸ್ ಇತ್ತು, ಬೈಸಿಕೊಳ್ಳಲು ನಾನಿದ್ದೆ.

ಸೆಲ್ವಿಯ ಮನೆಗೆ ಹೋಗಿದ್ದು ಆ ವಾರವೇ.

ಮಧ್ಯಾಹ್ನ ಎರಡರ ಸುಮಾರು. ಬಾಗಿಲಿಗೆ ಒತ್ತಿದಂತೆ ಹೊಲಿಗೆ ಮಿಷನ್ ಹಾಕಿಕೊಂಡು ನಲವತ್ತೈದರ ಆಸುಪಾಸಿನ ಹೆಂಗಸು ಬ್ಲೌಸ್ ಹೊಲಿಯುತ್ತಿದ್ದಳು. ಹೊರಗೆ ಒಂದು ಆಟೋ. ಅದರ ಕನ್ನಡಿಗೆ ಎದುರಾಳಿ ಪಕ್ಷದ ಪುಟ್ಟ ಬಾವುಟ ಕಟ್ಟಿತ್ತು. ಪಟ್ಟಿ ನೋಡಿದೆ: ಮುರುಗೇಶ್, ಸೆಲ್ವಿ, ಮಗಳು ದಿವ್ಯಾ. ಮುರುಗೇಶ್ ಕಾರ್ಖಾನೆಯ ಕೆಲಸ ಹೋದ ಮೇಲೆ ಆಟೋ ಓಡಿಸುತ್ತಾನೆ, ಆ ಬೀದಿಯಲ್ಲಿ ಆ ಪಕ್ಷಕ್ಕೆ ಅವನೇ ಮುಂದಾಳು ಎಂದು ಪಕ್ಕದ ಮನೆಯಲ್ಲೇ ಹೇಳಿದ್ದರು. ಇಲ್ಲಿ ಕೇಳಿ ಪ್ರಯೋಜನವಿಲ್ಲ ಎಂದು ಹೊರಟೆ.

"ಏನೋ ಕೇಳೋಕೆ ಬಂದಿದ್ರಲ್ಲ ಮೇಡಂ? ಎಲ್ಲಾ ಮನೇಲೂ ಕೇಳ್ತಿದ್ರಿ, ನಮ್ ಮನೆ ಯಾಕೆ ಬಿಟ್ರಿ?" ಎಂದಳು ಒಳಗಿನಿಂದ.

"ಯಜಮಾನ್ರು ಇಲ್ವಾ?"

"ಒಳಗೆ ಮಲ್ಗಿದಾರೆ. ಅವ್ರನ್ನ ಕೇಳ್ಬೇಕಾ?"

"ಇಲ್ಲ, ನಿಮ್ಮನ್ನೇ ಕೇಳ್ಬೋದು. ಈ ಸಲ ಯಾರಿಗೆ ವೋಟು ಹಾಕ್ಬೇಕು ಅಂತಿದೀರಿ?"

ಅವಳು ಓಡುತ್ತಿದ್ದ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದಳು. "ನನ್ನಾ?" ಎಂದಳು. ನಂತರ ಒಳಬಾಗಿಲ ಕಡೆ ಒಮ್ಮೆ ನೋಡಿ, ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಮದ್ವೆ ಆಗಿ ಇಪ್ಪತ್ತೆರಡು ವರ್ಷ ಆಯ್ತು ಮೇಡಂ. ಎಲ್ಲಾ ಸಲಾನೂ ಬೂತ್‌ಗೆ ಹೋಗ್ತಾ ದಾರೀಲಿ ಇವ್ರು ಹೇಳ್ತಾರೆ, ಎಷ್ಟನೇ ಬಟನ್ ಅಂತ. ನಾನು ಒತ್ತಿ ಬರ್ತೀನಿ. ಈ ಸಲ ನಿಮ್ಮೋರಿಗೆ ಹಾಕ್ತೀನಿ. ನಿಮ್ಮೋರೇನು ದೊಡ್ಡೋರು ಅಂತ ಅಲ್ಲ, ಬೇಜಾರ್ ಮಾಡ್ಕೋಬೇಡಿ. ಒಂದೇ ಒಂದ್ಸಲ ನಂದು ಅಂತ ಇರ್ಲಿ ಅಂತ."

ಕೈಪಿಡಿಯ ಮುಂದಿನ ಪ್ರಶ್ನೆಯೇ ಬಾಯಿಗೆ ಬಂತು: "ವೋಟಿನ ದಿನ ಎಷ್ಟು ಗಂಟೆಗೆ ಹೊರಡ್ತೀರಿ?" ಹೊರಡುವ ಹೊತ್ತನ್ನು ಜನರ ಬಾಯಿಂದಲೇ ಹೇಳಿಸಿದರೆ ಅವರು ತಪ್ಪದೆ ಹೋಗುತ್ತಾರಂತೆ.

"ಒಂಬತ್ತಕ್ಕೆ. ಇವ್ರು ಅಷ್ಟೊತ್ತಿಗೆ ಬೂತ್ ಹತ್ರ ಟೇಬಲ್ ಹಾಕ್ಕೊಂಡು ಕೂತಿರ್ತಾರೆ. ಯಾರಿಗೂ ಹೇಳ್ಬೇಡಿ ಮೇಡಂ ಮತ್ತೆ."

"ಇಲ್ಲ, ಹೇಳಲ್ಲ" ಎಂದೆ. ಹಾಗೆನ್ನುವಾಗ ನನ್ನ ಬೆರಳು ಐದನ್ನು ಒತ್ತುತ್ತಿತ್ತು.

ಮುಂದಿನ ಪುಟಕ್ಕೆ ಹೋಗಲು ಫೋನ್ ನಂಬರ್ ಬೇಕು. ಅದರ ಪಕ್ಕದಲ್ಲಿ ಕೆಂಪು ಚುಕ್ಕಿ, ತುಂಬದೆ ಬಿಡುವಂತಿಲ್ಲ. ಸೆಲ್ವಿಯ ಫೋನನ್ನು ಮಗಳು ಕಾಲೇಜಿಗೆ ಒಯ್ದಿದ್ದಳು, ನಂಬರ್ ಅವಳಿಗೆ ಬಾಯಿಗೆ ಬರುತ್ತಿರಲಿಲ್ಲ. "ಪರವಾಗಿಲ್ಲ ಬಿಡಿ" ಎಂದು ಹೊರಗೆ ಬಂದೆ. ಬಿಸಿಲಿಗೆ ಟ್ಯಾಬ್ ಸುಡುತ್ತಿತ್ತು. ಪುಟ ಕದಲದು, ಹಿಂದಕ್ಕೆ ಹೋದರೆ ಆ ಮನೆಯದೆಲ್ಲ ಅಳಿಸಿಹೋಗುತ್ತದೆ. ಇನ್ನೂ ಹನ್ನೆರಡು ಮನೆ ಬಾಕಿ. ಎದುರಿಗೇ ಆಟೋ ನಿಂತಿತ್ತು. ಅದರ ಬೆನ್ನ ಮೇಲೆ "ಬಾಡಿಗೆಗೆ ಕರೆ ಮಾಡಿ" ಎಂದು ಬರೆದು ಕೆಳಗೆ ದಪ್ಪ ಅಕ್ಷರದಲ್ಲಿ ನಂಬರ್. ಅದನ್ನೇ ಒತ್ತಿದೆ. ಪುಟ ಮುಂದಕ್ಕೆ ಹೋಯಿತು.

ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ ಎನ್ನಲಾರೆ. ಗೊತ್ತಿತ್ತು, ಯೋಚಿಸಲಿಲ್ಲ. ಆ ನಂಬರ್ ಯಾವುದೋ ಪಟ್ಟಿಯಲ್ಲಿ ಬಿದ್ದಿರುತ್ತದೆ ಅಷ್ಟೇ ಅಂದುಕೊಂಡೆ.

ಚುನಾವಣೆಗೆ ಹತ್ತು ಹನ್ನೆರಡು ದಿನ ಇರುವಾಗ ಒಂದು ಬೆಳಗ್ಗೆ ನನಗೆ ಫೋನ್ ಬಂತು. ಹುಡುಗಿಯೊಬ್ಬಳ ದನಿ. "ಮೇಡಂ, ನಾನು ದಿವ್ಯಾ, ಜನ್ನಾಪುರದಿಂದ. ಪಕ್ಕದ ಮನೇಲಿ ನೀವು ಕೊಟ್ಟ ರಟ್ಟಿನ ಮೇಲೆ ನಿಮ್ಮ ನಂಬರ್ ಇತ್ತು. ನಮ್ಮಮ್ಮನ ಹತ್ರ ಮಾತಾಡಿದ್ದು ನೀವೇನಾ?"

"ಹೌದು, ಯಾಕಮ್ಮ?"

"ನಿಮ್ಮ ಮೆಸೇಜ್ ಅಪ್ಪನ ಫೋನಿಗೆ ಬಂತು. ಅಪ್ಪ ಆಟೋ ಸ್ಟ್ಯಾಂಡಲ್ಲಿದ್ರು. ಕನ್ನಡಕ ಇರ್ಲಿಲ್ಲ ಅಂತ ಪಕ್ಕದೋರ ಕೈಗೆ ಕೊಟ್ಟು ಓದಿ ಅಂದ್ರಂತೆ. ಅವ್ರು ಜೋರಾಗಿ ಓದ್ಬಿಟ್ರು."

ಆ ಮೆಸೇಜು ನನಗೆ ಬಾಯಿಪಾಠ, ಬರೆದವಳು ನಾನೇ. "ಪ್ರಿಯ ಸೆಲ್ವಿ ಅವರೇ, ನಿಮ್ಮ ಮತ ನಮಗೇ ಎಂದು ಮನಸ್ಸು ಬಿಚ್ಚಿ ಹೇಳಿದ್ದೀರಿ. ಈ ನಂಬಿಕೆಗೆ ನಾವು ಋಣಿ. ಮತದಾನದ ದಿನ ಬೆಳಗ್ಗೆ 9ಕ್ಕೆ ಹೊರಡುವುದಾಗಿ ಹೇಳಿದ್ದು ನಮಗೆ ನೆನಪಿದೆ." ಹೆಸರು ಮತ್ತು ಸಮಯಕ್ಕೆ ಖಾಲಿ ಜಾಗ ಬಿಟ್ಟುಕೊಟ್ಟಿದ್ದೆ, ಮಿಷನ್ ತುಂಬಿಕೊಂಡಿತ್ತು. 'ಮನಸ್ಸು ಬಿಚ್ಚಿ' ಎನ್ನುವ ಎರಡು ಪದಕ್ಕಾಗಿ ನಾನು ಅರ್ಧ ದಿನ ಒದ್ದಾಡಿದ್ದೆ.

"ಸ್ಟ್ಯಾಂಡಲ್ಲಿ ಎಲ್ರೂ ನಗ್ತಿದಾರಂತೆ, 'ನಿನ್ ಮನೇಲೇ ನಿನ್ ಪಾರ್ಟಿ ಇಲ್ಲ' ಅಂತ. ಅಮ್ಮ ಬೇಕಂತ್ಲೇ ಅಪ್ಪನ ನಂಬರ್ ಕೊಟ್ಲು ಅಂತ ಅಪ್ಪ ಅನ್ಕೊಂಡಿದಾರೆ. ಮೂರು ದಿನದಿಂದ ಮನೇಲಿ ಊಟ ಮಾಡ್ತಿಲ್ಲ, ಮಾತೂ ಇಲ್ಲ. ಮೆಸೇಜ್ ಮಾತ್ರ ದಿನಾ ಬರ್ತಿದೆ ಮೇಡಂ. ಪ್ಲೀಸ್, ನಿಲ್ಸಿ."

ನಿಲ್ಲಿಸುತ್ತೇನೆ ಎಂದೆ. ಅದೆಷ್ಟು ಸುಲಭದ ಕೆಲಸ ಅಂದುಕೊಂಡಿದ್ದೆ!

ನಿಖಿಲನ ಮೇಜಿನ ಮುಂದೆ ನಿಂತು ಹೇಳಿದೆ. ಅವನು ಪೂರ್ತಿ ಕೇಳಿದ. "ಛೇ, ಬೇಜಾರಾಯ್ತು ಮೇಡಂ. ಆದ್ರೆ ಸಬ್ಮಿಟ್ ಆದ ಮೇಲೆ ಎಂಟ್ರಿ ತೆಗೆಯೋಕೆ ನಮಗೆ ಆಗಲ್ಲ. ಅದು ಅವ್ರ ಸಿಸ್ಟಮ್, ಹೊರಗಿದೆ. ಕಂಪ್ಲೇಂಟ್ ಹಾಕ್ತೀನಿ."

"ಹೊರಗೆ ಅಂದ್ರೆ ಎಲ್ಲಿ?"

"ಅದು ಗೊತ್ತಿಲ್ಲ. ಯಾವ್ದೋ ದೇಶದಲ್ಲಿ."

"ನಾನು ಒತ್ತಿದ ಅಂಕಿ ಅದು. ಅದನ್ನ ಅಳಿಸೋಕೆ ನಂಗೇ ಆಗಲ್ವಾ?"

"ಇಗೋ, ಕಂಪ್ಲೇಂಟ್ ಹಾಕ್ದೆ ಮೇಡಂ, ಅವ್ರು ನೋಡ್ಲಿ. ಒಂದು ನಂಬರ್ ಕೊಟ್ಟಿದಾರೆ, ಬರ್ಕೊಳಿ."

ಬರೆದುಕೊಂಡೆ. ಮಾರನೆಯ ದಿನ ಕೇಳಿದೆ, ಅದರ ಮಾರನೆಯ ದಿನವೂ ಕೇಳಿದೆ. ನಿಮ್ಮ ದೂರು ತಲುಪಿದೆ, ಧನ್ಯವಾದ ಎಂದು ಯಂತ್ರದ ಉತ್ತರ ಬಂದಿತ್ತು. ಅತ್ತ ಸೆಲ್ವಿಯ ಹೆಸರಿಗೆ ಮೆಸೇಜು ಹೋಗುತ್ತಲೇ ಇತ್ತು, ಚುನಾವಣೆ ಹತ್ತಿರ ಬಂದಂತೆ ದಿನಕ್ಕೆರಡು. ಆ ನಂಬರನ್ನು ಫೋನಿನಲ್ಲಿ ಬ್ಲಾಕ್ ಮಾಡು ಎಂದು ದಿವ್ಯಾಳಿಗೆ ಹೇಳಿದರೆ, "ದಿನಾ ಬೇರೆ ನಂಬರಿಂದ ಬರುತ್ತೆ ಮೇಡಂ. ಅಪ್ಪ ಫೋನ್ ಮುಟ್ಟೋಕೂ ಬಿಡಲ್ಲ" ಎಂದಳು.

ಕೊನೆಗೆ ಸಂಜೆಯ ಪಾಠದಲ್ಲಿ ಎಲ್ಲರೆದುರೇ ಹೆಲೆನ್‌ಗೆ ಹೇಳಿದೆ. ನನ್ನ ಇಂಗ್ಲಿಷ್ ಅಷ್ಟು ಚುರುಕಲ್ಲ, ಸಿಟ್ಟಿನಲ್ಲಿ ಇನ್ನೂ ತೊದಲುತ್ತದೆ. ಅವಳು ಕಾಫಿ ಲೋಟ ಕೆಳಗಿಟ್ಟು, ಕನ್ನಡಕ ತೆಗೆದು ಕೇಳಿಸಿಕೊಂಡಳು. "ನಮ್ಮಲ್ಲಿ ಹೆಂಡತಿಯ ಫೋನು ಹೆಂಡತಿಯದು, ಗಂಡನ ಫೋನು ಗಂಡನದು. ಒಂದು ನಂಬರ್ ಇಡೀ ಮನೆಗೆ ಸೇರಿದ್ದಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ನಾನು ನಿಮ್ಮನ್ನು ಕೇಳಬೇಕಿತ್ತು" ಎಂದಳು. ಅವಳ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಆದರೆ ಅವಳು ಪಾಠ ಹೇಳಿಕೊಡುವವಳು, ಪಟ್ಟಿ ಅವಳ ಕೈಯಲ್ಲೂ ಇರಲಿಲ್ಲ. ಪತ್ರ ಬರೆಯುತ್ತೇನೆ ಎಂದಳು, ಬರೆದಳು ಕೂಡ. ಏನೂ ಆಗಲಿಲ್ಲ.

ಅವಳು ನನ್ನನ್ನು ಕೇಳಬೇಕಿತ್ತು, ಸರಿ. ನಾನಾಗಿ ಹೇಳಬಹುದಿತ್ತಲ್ಲ? ಇಡೀ ಕೈಪಿಡಿಯನ್ನು ಸಾಲು ಸಾಲಾಗಿ ಓದಿದ್ದವಳು ಆ ಆಫೀಸಿನಲ್ಲಿ ನಾನೊಬ್ಬಳೇ. ಗಂಡನಿಂದ ಹೆಂಡತಿಯನ್ನು ಬೇರೆಯಾಗಿ ಎಣಿಸಿ ಅಂಕಿ ಹಾಕಿದರೆ ಇಲ್ಲಿ ಏನಾಗಬಹುದೆಂದು ಗೊತ್ತಿರಬೇಕಾಗಿದ್ದವಳೂ ನಾನೇ. ನಾನು ಅದರ ವಿಭಕ್ತಿ ಪ್ರತ್ಯಯ ತಿದ್ದುತ್ತಾ ಕೂತಿದ್ದೆ.

ಮಾರನೆಯ ದಿನ ಟ್ಯಾಬನ್ನೂ ಕೊರಳ ಚೀಟಿಯನ್ನೂ ನಿಖಿಲನ ಮೇಜಿನ ಮೇಲಿಟ್ಟು ಭದ್ರಾವತಿಯ ಬಸ್ಸು ಹತ್ತಿದೆ. "ನೀನು ಹೋದ್ರೆ ಇನ್ನಷ್ಟು ರಂಪ ಆಗುತ್ತೆ, ಬೇಡ ಮಾರಾಯ್ತಿ" ಎಂದು ಗಿರೀಶ ತಡೆದಿದ್ದರು. ಅವರ ಮಾತಿನಲ್ಲೂ ಸತ್ಯವಿತ್ತು. ಆದರೆ ಮನೆಯಲ್ಲಿ ಕೂರಲು ಆಗಲಿಲ್ಲ.

ಆಟೋ ಮನೆಯ ಮುಂದೆಯೇ ಇತ್ತು. ಮುರುಗೇಶ್ ಹೊಸ್ತಿಲಲ್ಲಿ ಕೂತು ಚಪ್ಪಲಿಯ ಉಂಗುಷ್ಠಕ್ಕೆ ದಾರ ಹಾಕುತ್ತಿದ್ದ. ಐವತ್ತರ ಹತ್ತಿರದ ಗಟ್ಟಿ ಆಳು, ಕೂದಲು ಅರ್ಧ ನೆರೆತಿತ್ತು. ಒಳಗೆ ಸೆಲ್ವಿ ಮಿಷನ್ ತುಳಿಯುತ್ತಿದ್ದಳು. ನಾನು ಯಾರೆಂದು ಹೇಳಿದೆ. ಅವನು ಏಳಲಿಲ್ಲ, ಬೈಯಲೂ ಇಲ್ಲ. ಮಗಳ ಕಡೆ ತಿರುಗಿ "ತಣ್ಣಿ ಕೊಡುಮ್ಮಾ" ಎಂದ. ದಿವ್ಯಾ ನೀರು ತಂದು ಕೊಟ್ಟಳು. ಆ ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ.

"ನೋಡಿ, ನಿಮ್ಮ ನಂಬರ್ ಸೆಲ್ವಿ ಕೊಟ್ಟಿದ್ದಲ್ಲ. ನಾನೇ ನಿಮ್ಮ ಆಟೋ ಹಿಂದೆ ನೋಡಿ ಹಾಕ್ದೆ. ಅವ್ರಿಗೆ ಅದು ಗೊತ್ತೇ ಇಲ್ಲ. ತಪ್ಪು ನಂದು."

ಒಳಗೆ ಮಿಷನ್ ನಿಂತಿತು. ಮುರುಗೇಶ್ ದಾರದ ತುದಿಯನ್ನು ಹಲ್ಲಿನಿಂದ ಕಡಿದ.

"ನಂಬರ್ ನೀವು ಹಾಕಿದ್ರಿ. ಸರಿ. ಮಾತು ಯಾರ್ದು?"

ಬರುವಾಗ ಬಸ್ಸಿನಲ್ಲಿ ಇದಕ್ಕೆ ಉತ್ತರ ಯೋಚಿಸಿಕೊಂಡೇ ಬಂದಿದ್ದೆ. "ಅದೂ ನಂದೇ. ಅವ್ರು ನೋಡೋಣ ಅಂದ್ರು, ನಾನು ಲೆಕ್ಕ ತೋರ್ಸೋಕೆ..."

"ಮೇಡಂ." ಸೆಲ್ವಿ ಎದ್ದು ಬಾಗಿಲಿಗೆ ಬಂದಿದ್ದಳು. ಸೆರಗಿನ ತುಂಬ ದಾರದ ಚೂರು. "ಸುಳ್ ಹೇಳ್ಬೇಡಿ. ನಾನೇ ಹೇಳಿದ್ದು."

ನೆರೆಯ ನಲ್ಲಿಯ ಹತ್ತಿರದವರು ಮಾತು ನಿಲ್ಲಿಸಿ ಇತ್ತ ತಿರುಗಿದ್ದರು. ಮುರುಗೇಶ್ ಚಪ್ಪಲಿಗೆ ಹಾಕಿದ ದಾರವನ್ನು ಎಳೆದು ನೋಡಿದ. ನಂತರ ಅವಳತ್ತ ನೋಡದೆಯೇ, "ಇಷ್ಟ್ ವರ್ಷ ಆಯ್ತು. ನಂಗೊಂದ್ ಮಾತು ಹೇಳ್ಬೋದಿತ್ತು" ಎಂದ.

"ನೀವು ಕೇಳ್ಲಿಲ್ಲ" ಎಂದಳು ಸೆಲ್ವಿ. "ಇವ್ರು ಕೇಳಿದ್ರು."

ಅವನು ಎದ್ದ, ಚಪ್ಪಲಿ ಮೆಟ್ಟಿದ, ಆಟೋ ತಿರುಗಿಸಿಕೊಂಡು ಹೊರಟುಹೋದ. ಸೆಲ್ವಿ ಮಿಷನ್ನಿಗೆ ಮರಳಿದಳು. ನಾನು ಲೋಟವನ್ನು ಹೊಸ್ತಿಲ ಮೇಲಿಟ್ಟು ಬಸ್ ಸ್ಟಾಪಿಗೆ ನಡೆದೆ. ನೆರಳಿಲ್ಲದ ಆ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತಿದ್ದು ನೆನಪಿದೆ. ಒಳ್ಳೆಯದು ಮಾಡಲು ಹೋಗಿ ಅವಳ ಬಾಯಿಂದಲೇ ಎಲ್ಲರೆದುರು ಅವಳ ಗುಟ್ಟನ್ನು ಹೇಳಿಸಿ ಬಂದಿದ್ದೆ.

ಚುನಾವಣೆ ಆಯಿತು, ಫಲಿತಾಂಶವೂ ಬಂತು. ದುರ್ಗಿಗುಡಿಯ ಆಫೀಸಿಗೆ ಬೀಗ ಬಿತ್ತು. ನಿಖಿಲ್ ಯಾವುದೋ ಬೇರೆ ರಾಜ್ಯಕ್ಕೆ ಹೋದ. ನನ್ನ ಅನುವಾದವನ್ನು ಅಲ್ಲಿಯ ಭಾಷೆಗೆ ಮಾದರಿಯಾಗಿ ಬಳಸುತ್ತಿದ್ದೇವೆ ಎಂದು ಖುಷಿಯಿಂದ ಮೆಸೇಜ್ ಮಾಡಿದ್ದ. ನಾನು ಉತ್ತರಿಸಲಿಲ್ಲ. ನನ್ನ ದೂರನ್ನು 'ಪರಿಹರಿಸಲಾಗಿದೆ' ಎಂದು ಮುಚ್ಚಿದ್ದರು. ಏನನ್ನು ಪರಿಹರಿಸಿದರೋ ತಿಳಿಯಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ಕಾಲೇಜು ಶುರುವಾಗುವ ಮುನ್ನ, ಒಂದು ಬ್ಲೌಸ್ ಪೀಸ್ ಹಿಡಿದುಕೊಂಡು ಮತ್ತೆ ಜನ್ನಾಪುರಕ್ಕೆ ಹೋದೆ. ರವೀಂದ್ರನಗರದಲ್ಲಿ ಟೈಲರ್ ಇಲ್ಲವೇ ಎಂದು ಸೆಲ್ವಿ ಕೇಳಲಿಲ್ಲ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಲೈನಿಂಗ್ ಬೇಕಾಗುತ್ತೆ" ಎಂದಳು. ಟೇಪು ಕೊರಳಿಗೆ ಹಾಕಿಕೊಂಡು ನನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿದಳು. ಭುಜದ ಅಳತೆ ತೆಗೆಯುತ್ತಾ ತಾನಾಗಿಯೇ ಹೇಳಿದಳು.

"ವೋಟಿನ ದಿನ ಒಂಬತ್ತಕ್ಕೇ ಹೋದೆ. ಬೂತ್ ಹೊರಗೆ ಇವ್ರು ಟೇಬಲ್ ಹಾಕ್ಕೊಂಡು ಚೀಟಿ ಬರ್ಕೊಡ್ತಿದ್ರು. ಪಕ್ಕದಲ್ಲಿ ನಿಮ್ಮೋರ ಟೇಬಲ್. ಸ್ಟ್ಯಾಂಡ್‌ನೋರೆಲ್ಲಾ ನಿಂತಿದ್ರು, ನಾನು ಎತ್ಲಾಗೆ ಹೋಗ್ತೀನಿ ಅಂತ ನೋಡೋಕೆ. ಇವ್ರ ಹತ್ರಾನೇ ಹೋಗಿ ನಿಂತೆ."

"ಆಮೇಲೆ?"

"ಇವ್ರು ತಲೆ ಎತ್ಲಿಲ್ಲ. ಪಟ್ಟೀಲಿ ನನ್ ಹೆಸ್ರು ಹುಡುಕಿ, ನಂಬರ್ ಬರ್ದು ಕೊಟ್ರು. ಎಷ್ಟನೇ ಬಟನ್ ಅಂತ ಈ ಸಲ ಹೇಳ್ಲಿಲ್ಲ. ಅವತ್ತು ಸಂಜೆಯಿಂದ ಮನೇಲೇ ಊಟ. ಮಾತು ಇನ್ನೂ ಅಷ್ಟಿಲ್ಲ. ಸಾರು ಬೇಕಾ, ಸಾಕಾ, ಅಷ್ಟೇ."

ಹೊರಗೆ ಮಳೆ ಜೋರಾಯಿತು. ಅವಳು ತೋಳಿನ ಉದ್ದ ಅಳೆದು, ಮಿಷನ್ನಿನ ಮೇಲಿದ್ದ ಪುಸ್ತಕದಲ್ಲಿ ಬರೆದುಕೊಂಡಳು. ಕೇಳಬೇಕೆಂದಿದ್ದ ಕ್ಷಮೆಯನ್ನು ನಾನು ಬಾಯಲ್ಲಿ ಸರಿಪಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ನನ್ನ ಮುಖ ನೋಡಿದಳು.

"ಕೊನೆಗೆ ಯಾರಿಗೆ ಹಾಕ್ದೆ ಅಂತ ಕೇಳಲ್ವಾ ಮೇಡಂ?"

"ಇಲ್ಲ" ಎಂದೆ.

"ಕೇಳಿದ್ರೂ ಹೇಳಲ್ಲ ಬಿಡಿ" ಎಂದಳು ಸೆಲ್ವಿ. "ಕೈ ಎತ್ತಿ, ಸುತ್ತಳತೆ ತಗೋಬೇಕು."